ಕೆಳಗಿನ ಗೇಟಿನ ಕಡೆಗೆ

“ಡಿಗ್ರಿ ಮುಗಿಸೀದಿ, ಅಷ್ಟ ಸಾಕು. ಸಿನಿಮಾ ನಿನ್ನಿಂದ ಆಗೂ ಮಾತಲ್ಲಲೇ” ಎಂದಿದ್ದವರು ಲಿಂಗಸುಗೂರಿನಲ್ಲಿ ನಾನು ಮದುವೆ ವಿಡಿಯೊ ತೆಗೆಯುತ್ತಿದ್ದ ಸ್ಟುಡಿಯೊದ ಮಾಲೀಕರು. ಸಿನಿಮಾ ಆಯಿತು. ಹೇಗಾಯಿತು ಎಂಬುದನ್ನು ಮಾತ್ರ ಮುಚ್ಚಿಟ್ಟಿದ್ದೆ — ಅದರಲ್ಲಿ ಎಲ್ಲರೂ ಹೊಗಳಿದ ತಾಯಿಯ ಓಟ ನಟನೆಯಲ್ಲ. ನನ್ನ ಚಿಗವ್ವನಿಗೆ ನಾನು ಸುಳ್ಳು ಹೇಳಿ ಓಡಿಸಿದ್ದು.

ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ ನಾನು. ಆ ಹೆಮ್ಮೆ ಇಂದಿಗೂ ಇದೆ. ಮುದಗಲ್‌ನಲ್ಲಿ ಅವ್ವ ತೀರಿಕೊಂಡ ಮೇಲೆ ಅವಳ ತಂಗಿ, ತುರ್ವಿಹಾಳದ ಚಿಗವ್ವ ಹುಲಿಗೆಮ್ಮ ಭತ್ತದ ನಾಟಿ ಹಚ್ಚಿ, ನನ್ನನ್ನು ಹಾಸ್ಟೆಲ್ಲಿನಲ್ಲಿಟ್ಟು ಓದಿಸಿದಳು. ಕಾಲುವೆಯಲ್ಲಿ ಕಾಣೆಯಾದ ಹುಡುಗಿಯ ಥ್ರಿಲ್ಲರ್ ಬರೆದಾಗ ತಾಯಿಯ ಪಾತ್ರಕ್ಕೆ ಅವಳನ್ನೇ ಕರೆದೆ.

ಕಾಲುವೆ ದಂಡೆಯಲ್ಲಿ ಚಿತ್ರೀಕರಣ. ಅಳಬೇಕಾದಲ್ಲಿ ಚಿಗವ್ವ ನಗುತ್ತಿದ್ದಳು. “ಅಳು ಎಲ್ಲಿಂದ ತರಲೋ? ನನ್ನ ಮಗಳು ಅಲ್ಲೇ ಮಂಡಕ್ಕಿ ತಿನ್ಕೋಂತ ಕುಂತಾಳ.”

ಹದಿನೇಳು ಟೇಕ್ ಹಾಳಾದವು. ಬಾಡಿಗೆ ಕ್ಯಾಮೆರಾ ಸಂಜೆಯೊಳಗೆ ಸಿಂಧನೂರಿಗೆ ಮರಳಬೇಕಿತ್ತು. ಚಿಗವ್ವನ ಮಗಳು ರೇಣುಕಾಳನ್ನು ಚಹಾ ತರಲು ಬಳಗಾನೂರಿಗೆ ಕಳಿಸಿದೆ. ಚಿಗವ್ವ ಗಿಡದ ನೆರಳಿನಲ್ಲಿ ಕಣ್ಣು ಮುಚ್ಚಿದ್ದಳು. ಕ್ಯಾಮೆರಾ ಚಾಲೂ ಮಾಡಿಸಿ ಕೂಗಿದೆ —

“ಚಿಗವ್ವಾ, ರೇಣುಕಾ ಕಾಲುವ್ಯಾಗ ಬಿದ್ದಾಳ.”

ನಾನು ಬೆರಳು ತೋರಿದ್ದು ಸೇತುವೆಯ ಕಡೆಗೆ. ಅವಳು ಅತ್ತ ನೋಡಲೂ ಇಲ್ಲ. ನೀರು ಹರಿಯುವ ದಿಕ್ಕಿಗೆ, ಕಾಲುವೆ ನೀರು ತಡೆಯುವ ಕೆಳಗಿನ ಗೇಟಿನ ಕಡೆಗೆ ಓಡಿದಳು. ಕಾಲುವೆ ದಂಡೆಯವರಿಗೆ ಗೊತ್ತು — ಬಿದ್ದವರು ಬಿದ್ದಲ್ಲಿ ಇರುವುದಿಲ್ಲ, ಗೇಟಿಗೆ ಬಂದು ಸಿಕ್ಕಿಕೊಳ್ಳುತ್ತಾರೆ. ಕಾಲುವೆ ಕಾಣದ ಬೆದ್ದಲು ಸೀಮೆಯ ನನಗೆ ಗೊತ್ತಿರಲಿಲ್ಲ. ಕ್ಯಾಮೆರಾ ಎದ್ದುಬಿದ್ದು ಅವಳ ಹಿಂದೆ ಓಡಿತು. ಗೇಟಿನ ಕಂಬಿ ಹಿಡಿದು ಬಗ್ಗಿ ನೀರು ನೋಡುತ್ತ ನಿಂತಳು. ಆಗಲಾದರೂ ಹೇಳಬಹುದಿತ್ತು... ಶಾಟ್ ಇನ್ನೂ ನಡೆಯುತ್ತಿತ್ತು. ಅವಳು ಒಂದು ಕಾಲನ್ನು ಕಂಬಿಯ ಆಚೆ ಇಟ್ಟ ಮೇಲೆ ಓಡಿಹೋಗಿ ಹಿಡಿದೆ.

“ಬಿದ್ದಂಗ ಕಂಡಿತ್ತು, ತಪ್ಪು ತಿಳಕೊಂಡೆ” ಎಂದೆ. ನಂಬಿದಳು. ಚಹಾ ತಂದ ರೇಣುಕಾಳ ಕೆನ್ನೆಗೆ ಒಂದು ಬಾರಿಸಿ, ಆಮೇಲೆ ಬಿಗಿಯಾಗಿ ತಬ್ಬಿಕೊಂಡಳು.

ಮಸ್ಕಿಯಲ್ಲಿ ಪರದೆ ಕಟ್ಟಿ ತೋರಿಸಿದಾಗ ಆ ದೃಶ್ಯ ಬರುತ್ತಲೇ ಚಿಗವ್ವ ತಲೆ ತಗ್ಗಿಸಿದ್ದನ್ನು ನೋಡಿದೆ. ದ್ವಿತೀಯಾರ್ಧ ಎಳೆದಂತಿದೆ ಎಂದ ವಿಮರ್ಶಕರೂ ಆ ಓಟಕ್ಕೆ ಮಣಿದಿದ್ದರು — ಮಗಳು ಬಿದ್ದ ಜಾಗ ಬಿಟ್ಟು ತಾಯಿಯನ್ನು ಗೇಟಿನತ್ತ ಓಡಿಸಿದ್ದು ನಿರ್ದೇಶಕನ ಜಾಣ್ಮೆಯಂತೆ. ಚಿತ್ರೋತ್ಸವದ ಸಂವಾದದಲ್ಲಿ ಆ ಬಗ್ಗೆ ಕೇಳಿದರು. “ತಿಂಗಳುಗಟ್ಟಲೆ ಯೋಚಿಸಿದೆ” ಎಂದೆ. ಚಪ್ಪಾಳೆ ಬಿತ್ತು. ಉತ್ತಮ ನಿರ್ದೇಶನದ ಪ್ರಶಸ್ತಿ ಪತ್ರ ಕೊಟ್ಟರು.

ಮೂರು ವರ್ಷ ಕಳೆದವು. ಹೋದ ವಾರ ತುರ್ವಿಹಾಳಕ್ಕೆ ಹೋದೆ. ಚಿಗವ್ವ ಅಕ್ಕಿ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿದೆ, ಒಂದನ್ನೂ ಬಿಡದೆ. ಮೊರದ ಮೇಲಿನ ಕೈ ನಿಂತಿತು. ಪ್ರಶಸ್ತಿ ಪತ್ರವನ್ನು ಅವಳ ಕೈಗೆ ಕೊಟ್ಟೆ — ಅದು ಅವಳದೇ. ಓದಲು ಬಾರದ ಅವಳು ಅದರ ಅಂಚನ್ನು ಬೆರಳಿನಿಂದ ಸವರಿದಳು.

“ಆ ಗೇಟಿನ ಹತ್ರ ಬಗ್ಗಿ ನಾ ಏನ್ ಹುಡುಕಾಕತ್ತಿದ್ದೆ, ಗೊತ್ತೈತೇನು ನಿನಗ?” ಎಂದಳು. “ನೀರಾಗ ಅಕಿ ಬಟ್ಟಿ ಕಾಣ್ತೈತೇನು ಅಂತ. ಅಕಿ ಮುಂಜಾನಿ ಯಾವ ಬಣ್ಣದ ಚೂಡಿದಾರ ಹಾಕ್ಕೊಂಡಿದ್ಲು ಅನ್ನೂದ ನೆನಪಾಗವಲ್ದಾಗಿತ್ತಪ. ಹೆತ್ತಾಕಿ ನಾ... ನನಗ ನೆನಪಾಗಲಿಲ್ಲ.”