ಅಕ್ಕನ ನಾಡಿಯ ಎರಡು ಲೆಕ್ಕ

ಅಕ್ಕ ಆಸ್ಪತ್ರೆಯಿಂದ ಮಧುಗಿರಿಗೆ ವಾಪಸಾದಾಗ ಡಾಕ್ಟರು ನಮಗೊಂದು ಕೆಲಸ ಕೊಟ್ಟಿದ್ದರು. ಊಟಕ್ಕೆ ಮೊದಲು ಒಮ್ಮೆ, ತಟ್ಟೆ ಎದುರಿಗಿಟ್ಟ ಮೇಲೆ ಇನ್ನೊಮ್ಮೆ ಅವಳ ನಾಡಿ ಎಣಿಸಿ ಒಂದು ಪುಸ್ತಕದಲ್ಲಿ ಬರೆಯಬೇಕು. ಎರಡು ವರ್ಷ ಊಟ ಬಿಟ್ಟೂ ಬಿಟ್ಟೂ ಅವಳು ಕಡ್ಡಿಯಾಗಿದ್ದಳು. ತೂಕ ಬೇಗ ಬರುತ್ತದೆ, ಅನ್ನದ ಭಯ ಮೈಯಿಂದ ಬೇಗ ಹೋಗುವುದಿಲ್ಲ ಎಂದಿದ್ದರು. ದಿನಚರಿ ಬರೆಯುವ ಅಭ್ಯಾಸವಿದ್ದುದರಿಂದ ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಸೋಮವಾರ, ಊಟಕ್ಕೆ ಮೊದಲು ಎಪ್ಪತ್ತೆಂಟು. ಅಮ್ಮ ಮುದ್ದೆ ಇಟ್ಟು ಹುರುಳಿ ಸಾರು ಬಿಟ್ಟ ಮೇಲೆ ನೂರ ಹದಿನಾರು. ಕೈ ತಣ್ಣಗೆ. ಕತ್ತಿನ ಹಿಂದೆ ಬೆವರು. ಬಾಯಿ ಒಣಗಿ, ಒಂದು ತುತ್ತು ಇಳಿಯಲು ಮೂರು ಗುಟುಕು ನೀರು ಬೇಕಾಯಿತು. ನಾಲ್ಕನೇ ತುತ್ತಿಗೆ ಹೊಟ್ಟೆ ಬಿಗಿಯಿತು. ಆದರೂ ತಿಂದಳು.

ಎರಡು ತಿಂಗಳಲ್ಲಿ ಕೆನ್ನೆ ತುಂಬಿತು.

"ಈಗ ನೋಡು, ಹೆಂಗೆ ಮೈ ಕೈ ತುಂಬ್ಕಂಡವ್ಳೆ! ಮೊದ್ಲು ಗಾಳಿ ಬಂದ್ರೆ ಹಿಡ್ಕಬೇಕಿತ್ತು" ಎಂದು ಅಜ್ಜಿ ನಕ್ಕಳು. ಅಕ್ಕನೂ ನಕ್ಕಳು. ಅವಳ ಮಣಿಕಟ್ಟು ನನ್ನ ಕೈಯಲ್ಲಿತ್ತು. ನೂರ ಇಪ್ಪತ್ತೆರಡು.

ಶಿರಾದ ಕಾಲೇಜು ಹಾಸ್ಟೆಲಿಗೆ ಅವಳು ಮರಳಲು ನನ್ನ ಲೆಕ್ಕ ನೋಡಿ ಡಾಕ್ಟರು ಒಪ್ಪಬೇಕಿತ್ತು. ಅವರಿಗೆ ಪುಸ್ತಕ ತೋರಿಸಲು ಮೂರು ವಾರವಿದ್ದಾಗ ಅಕ್ಕ ಅಂದಳು: "ಲೇ, ಎಂಬತ್ನಾಕು ಅಂತ ಬರ್ಕಳೇ."

"ಸುಳ್ಳು ಬರೀಲಾ?"

"ತಿಂತಾ ಇದೀನಲ್ಲ! ಎದೆ ಹೊಡ್ಕಂಡ್ರೆ ಯಾರಿಗೇನು? ಇನ್ನೊಂದು ವರ್ಷ ಮನೇಲಿ ಕೂತ್ರೆ ಸತ್ತೇ ಹೋಗ್ತೀನಿ ಕಣೇ."

ಬರೆದೆ. ಆದರೆ ನಿಜವಾದ ಸಂಖ್ಯೆಯನ್ನು ಬಿಟ್ಟುಬಿಡಲು ನನ್ನಿಂದಾಗಲಿಲ್ಲ. ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟೆ. ಡಾಕ್ಟರು ಮುಂಭಾಗದ ಪುಟಗಳನ್ನಷ್ಟೇ ನೋಡಿ, ಸಂತೋಷಪಟ್ಟು, ಕಳಿಸಲು ಒಪ್ಪಿದರು.

ಅವಳು ಹೋದ ಐದನೇ ವಾರ ಹಾಸ್ಟೆಲಿನ ವಾರ್ಡನ್ ಫೋನ್ ಮಾಡಿದರು. ಊಟದ ಸಾಲಿನಲ್ಲಿ ನಿಂತಿದ್ದ ಅಕ್ಕ ಕುಸಿದು ಬಿದ್ದಿದ್ದಳು. ದಿನಗಟ್ಟಲೆ ಏನೂ ತಿಂದಿರಲಿಲ್ಲವಂತೆ. ಮತ್ತೆ ಅದೇ ಆಸ್ಪತ್ರೆ, ಅದೇ ವಾರ್ಡು.

ಡಾಕ್ಟರಿಗೆ ತೋರಿಸುವ ಮೊದಲು ಆ ಹಿಂಬದಿಯ ಪುಟಗಳನ್ನು ಅಮ್ಮನ ಮುಂದಿಟ್ಟೆ. ಬೈಯುತ್ತಾಳೆಂದು ಕಾದೆ. ಅಮ್ಮನ ಬಳಿ ಕನ್ನಡಕವಿರಲಿಲ್ಲ. "ನೀನೇ ಓದು" ಅಂದಳು.

ನೂರ ಹದಿನೆಂಟು. ನೂರ ಇಪ್ಪತ್ತು. ನೂರ ಹದಿನಾಲ್ಕು.

"ಕೊನೇವರ್ಗೂ ಹಿಂಗೇ ಹೊಡ್ಕಂತಿತ್ತಾ?"

"ಹೂಂ."

"ವಾಸಿಯಾದ್ಲು ಅನ್ಕಂಡು ಎದುರಿಗೇ ಕುಂತು ಇನ್ನರ್ಧ ಮುದ್ದೆ ಇಕ್ತಿದ್ನಲ್ಲೇ."

ನಾನು ಪುಸ್ತಕ ಮುಚ್ಚಲು ಹೋದೆ. ಅಮ್ಮ ಪುಟದ ಮೇಲೆ ಕೈಯಿಟ್ಟು ತಡೆದಳು.

"ಅಷ್ಟೂ ಓದು."