ದಬ್ಬಣದಕ್ಕನ ಹೊಲಿಗೆ

ಬೆಳಕು ಹರಿಯುವ ಹೊತ್ತು. ಧಾನ್ಯದ ಉಗ್ರಾಣದಲ್ಲಿ ದಬ್ಬಣದಕ್ಕ ಗೋಣಿಚೀಲವೊಂದನ್ನು ಒಳಮೈ ಹೊರಗೆ ಮಾಡಿ ಪಟಪಟನೆ ಕೊಡವುತ್ತಾರೆ. ಮೂಲೆಯಿಂದ ನಾಲ್ಕು ಮೆಕ್ಕೆಜೋಳದ ಕಾಳು ಉದುರುತ್ತವೆ. ಹರಿದ ಕಡೆ ತೇಪೆ ಇಟ್ಟು, ದಬ್ಬಣಕ್ಕೆ ಸೆಣಬಿನ ಹುರಿ ಪೋಣಿಸಿ, ಹೊಲಿದು, ತುದಿಯನ್ನು ಹಲ್ಲಿನಿಂದ ಕಡಿಯುತ್ತಾರೆ. ಲಾರಿಗಳು ಬರುವ ಮುನ್ನ ಇಪ್ಪತ್ತು ಚೀಲ, ಸಂಜೆಯೊಳಗೆ ಎಪ್ಪತ್ತು.

ಮದುವೆಯಾಗಿ ಈ ಊರಿಗೆ ಬಂದ ಮರುವರ್ಷವೇ ಅತ್ತೆಯ ಕೈಯಿಂದ ದಬ್ಬಣ ಪಡೆದವರು. ಈಗ ಮೂವತ್ತೆಂಟು ವರ್ಷ. ಊರಿನ ಚರಿತ್ರೆ ಕೇಳಿದರೆ ಚೀಲದ ಮೂಲೆ ತೋರಿಸುತ್ತಾರೆ.

"ನಾನು ಬಂದಾಗ ಕೊಡವಿದ್ರೆ ಕಡಲೆಕಾಯಿ ಸಿಪ್ಪೆ ಬೀಳ್ತಿತ್ತು. ಕಾಲುವೆ ನೀರು ಬಂದ್ಮೇಲೆ ಭತ್ತ. ಈಗ ಎಲ್ರೂ ಮೆಕ್ಕೆಜೋಳದ ಹಿಂದೆ ಬಿದ್ದಿದ್ದಾರೆ. ಊರು ಏನು ಬೆಳೀತು ಅಂತ ಹೊಲಕ್ಕೆ ಹೋಗಿ ನೋಡ್ಬೇಕಾ?"

ನಾಲ್ಕು ವರ್ಷದ ಹಿಂದೆ ಪ್ಲಾಸ್ಟಿಕ್ ಚೀಲ ಬಂತು. "ಹರಿದ್ರೆ ಬಿಸಾಕೋದು, ಹೊಲಿಯೋದೇನಕ್ಕ? ಮನೇಲಿ ಆರಾಮಾಗಿರು" ಎಂದರು ಉಗ್ರಾಣದ ಯಜಮಾನರು. ಅಕ್ಕ ದಬ್ಬಣವನ್ನು ಸೆರಗಿಗೆ ಸಿಕ್ಕಿಸಿಕೊಂಡು ಮನೆ ಸೇರಿದರು. ಆದರೆ ಕೈ ಸುಮ್ಮನಿರಬೇಕಲ್ಲ? ದಿಂಬು, ಹಾಸಿಗೆ, ಕೊನೆಗೆ ಗಟ್ಟಿಮುಟ್ಟಾಗಿದ್ದ ಪರದೆಗೂ ಹೊಲಿಗೆ ಬಿತ್ತು. "ಇನ್ನು ಉಳಿದಿರೋದು ನನ್ನ ಬಾಯೊಂದೇ ಅತ್ತೆ" ಎಂದು ಸೊಸೆ ನಗಾಡಿದಳಂತೆ. ಅಕ್ಕನಿಗೆ ಮಾತ್ರ ಆ ದಿನಗಳಲ್ಲಿ ಅನ್ನ ರುಚಿಸುತ್ತಿರಲಿಲ್ಲ.

ಆ ವರ್ಷದ ಸುಗ್ಗಿಯಲ್ಲಿ, ಬಿಸಿಲಿಗೆ ಲಡ್ಡಾದ ಪ್ಲಾಸ್ಟಿಕ್ ಚೀಲಗಳು ಲಾರಿಗೇರಿಸುವಾಗಲೇ ಒಂದೊಂದಾಗಿ ಬಿರಿದವು. ಉಗ್ರಾಣದ ಅಂಗಳದ ತುಂಬ ಕಾಳು, ತಲೆಯ ಮೇಲೆ ಕಾರ್ಮೋಡ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಕ್ಕ ಕರೆಗಾಗಿ ಕಾಯಲಿಲ್ಲ. ಸೊಸೆಯನ್ನೂ ಕರೆದುಕೊಂಡು ಬಂದು, ಮೂಲೆಗೆ ಎಸೆದಿದ್ದ ಹಳೇ ಗೋಣಿಗಳನ್ನು ಎಳೆದು ಹಾಕಿದರು. ಸೊಸೆ ಹುರಿ ಪೋಣಿಸಿದಳು, ಅಕ್ಕ ಹೊಲಿದರು, ಹಮಾಲರು ತುಂಬಿದರು. ಮಳೆ ಹನಿಯತೊಡಗಿದಾಗ ಹೊರಗೆ ಉಳಿದದ್ದು ಎರಡೇ ಬುಟ್ಟಿ ಕಾಳು.

ಯಜಮಾನರ ಮುಖ ಸಣ್ಣದಾಗಿತ್ತು. "ತಪ್ಪಾಯ್ತಕ್ಕ. ನಾಳೆಯಿಂದ ಬಂದ್ಬಿಡು."

"ಬರ್ತೀನಿ ಯಜಮಾನ್ರೇ. ಆದ್ರೆ ಆ ಕಿಟಕಿ ಪಕ್ಕದ ಜಾಗ ನಂಗೆ ಬೇಕು. ಕಣ್ಣು ಮಂಜಾಗ್ತಿದೆ."

ಅಂದಿನಿಂದ ಅಕ್ಕ ಕೂರುವುದು ಅಲ್ಲೇ. ಹೊಲಿಗೆ ಕಲಿಯಲು ಸೊಸೆಯೂ ಮಧ್ಯಾಹ್ನ ಬರುತ್ತಾಳೆ. ಅವಳು ಹಾಕಿದ ಸಡಿಲ ಹೊಲಿಗೆಯನ್ನು ಅಕ್ಕ ಮುಲಾಜಿಲ್ಲದೆ ಬಿಚ್ಚಿಸುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಅಕ್ಕ ಆಗಷ್ಟೇ ಹಾಕಿದ ಹೊಲಿಗೆಯನ್ನು ಎಳೆದು ನೋಡುತ್ತಾರೆ.

"ನಾ ಹೊಲಿದ ಚೀಲದಿಂದ ಒಂದು ಕಾಳೂ ದಾರೀಲಿ ಚೆಲ್ಬಾರದು, ಅಷ್ಟೇ. ಮನೆ ಸೇರಿದ್ಮೇಲೆ ಬೇಕಾದ್ರೆ ಹರಿದುಕೊಳ್ಳಲಿ. ತಿನ್ನೋಕೇ ತಾನೆ ತುಂಬಿದ್ದು!"