ಧೂಳಿಲ್ಲದ ದೇಶದಲ್ಲಿ ಒಂದು ಜೊತೆ ಶೂ

ನಿನ್ನೆ ಗರಾಜಿನಲ್ಲಿ ಸುತ್ತಿಗೆ ಹುಡುಕಲು ಹೋದವನಿಗೆ ಕರಿ ಪಾಲಿಶಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದೆ. ಪಾಲಿಶ್ ಒಣಗಿ ಬಿರುಕು ಬಿಟ್ಟಿತ್ತು, ವಾಸನೆ ಮಾತ್ರ ಗಟ್ಟಿಮುಟ್ಟಾಗಿತ್ತು. ಸುತ್ತಿಗೆ ಮರೆತೇಹೋಯಿತು. ನನ್ನ ವಯಸ್ಸಿನಲ್ಲಿ ಮರೆಯುವುದಕ್ಕೆ ಯಾವ ನೆಪವೂ ಬೇಕಿಲ್ಲ, ಆದರೆ ಈ ಸಲದ ಮರೆವಿಗೆ ಕಾರಣವಿತ್ತು. ನಿಮಗೆ ಬಿಡುವಿದ್ದರೆ ಹೇಳುತ್ತೇನೆ.

ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಎಂಜಿನಿಯರಿಂಗ್ ಓದಲು ಮೈಸೂರಿನಿಂದ ಬಂದಿಳಿದ ನಾನು ಜೆರ್ಸಿ ಸಿಟಿಯಲ್ಲಿ ಬಾಡಿಗೆ ಕೋಣೆ ಹುಡುಕುತ್ತಿದ್ದೆ. ಫೋನಿನಲ್ಲಿ ಖಾಲಿ ಇದ್ದ ಕೋಣೆಗಳು ನನ್ನ ಮುಖ ಕಂಡೊಡನೆ ಭರ್ತಿಯಾಗಿಬಿಡುತ್ತಿದ್ದವು. ನಾಲ್ಕು ಕಡೆ ಹೀಗಾದ ಮೇಲೆ, ಐದನೆಯ ಮನೆಯಲ್ಲಿ ನೊವಾಕ್ ಎಂಬ ಮುದುಕರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಏನೂ ಕೇಳದೆ ಬೀಗದ ಕೈ ಕೊಟ್ಟರು. ಪ್ರಾಗ್ ಕಡೆಯಿಂದ ಎಂದೋ ಬಂದವರು. ಹೆಂಡತಿ ತೀರಿಕೊಂಡಿದ್ದರು, ಮನೆಯಲ್ಲಿ ಒಬ್ಬರೇ. ಮಾತು ಬಹಳ ಕಡಿಮೆ. ಈ ಕೋಣೆಯೂ ಕೈತಪ್ಪಿದರೆ ಇನ್ನೊಂದು ಸಿಗುವ ಭರವಸೆ ನನಗಿರಲಿಲ್ಲ. ಹಾಗಾಗಿ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಿಕೊಂಡಿದ್ದೆ.

ಕೋಣೆಯ ಒಂದು ಮೂಲೆಯಲ್ಲಿ ಅಮ್ಮ ಕೊಟ್ಟ ದೇವರ ಪಟ, ಇನ್ನೊಂದರಲ್ಲಿ ಅವಲಕ್ಕಿ ಡಬ್ಬ. ಅಂಥ ಕಡೆಗೆ ಶೂ ಹಾಕಿಕೊಂಡು ಹೋಗುವುದುಂಟೆ? ಸಂಜೆ ಬಂದವನು ಅದನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಒಳಗೆ ಹೋಗುತ್ತಿದ್ದೆ. ಬೆಳಿಗ್ಗೆ ನೋಡಿದರೆ ಶೂ ಫಳಫಳ ಹೊಳೆಯುತ್ತಿತ್ತು. ನಾನು ಬುದ್ಧಿವಂತ, ಕಾರಣ ಕಂಡುಹಿಡಿದೆ. ಈ ದೇಶದಲ್ಲಿ ಧೂಳಿಲ್ಲ! ಇಲ್ಲಿಯ ಗಾಳಿಗೆ ಶೂ ದಿನದಿನಕ್ಕೆ ಹೊಸದಾಗುತ್ತದೆ ಎಂದು ಊರಿಗೂ ಬರೆದೆ. ನಮ್ಮಪ್ಪ ಆ ಕಾಗದವನ್ನು ಬೀದಿಯವರಿಗೆಲ್ಲ ಓದಿ ಹೇಳಿದರಂತೆ. ಜೆರ್ಸಿ ಸಿಟಿಯ ಆಗಿನ ಹೊಗೆ ತುಂಬಿದ ಗಾಳಿ ಕುಡಿದವರು ಯಾರಾದರೂ ಇದ್ದರೆ ಈಗ ನಗಬಹುದು.

ಆರನೆಯ ದಿನ ಮಳೆ ಬಂತು. ಬಸ್ ಸ್ಟಾಪಿನ ಹೊಂಡಕ್ಕೆ ಕಾಲಿಟ್ಟು, ಕೆಸರು ಮೆತ್ತಿದ ಶೂವನ್ನು ಹಾಗೆಯೇ ಹೊರಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ಕೆಸರಿಲ್ಲ. ಧೂಳಿಲ್ಲದ ದೇಶವೆಂದೇ ಇಟ್ಟುಕೊಳ್ಳೋಣ, ಆದರೆ ಮೆತ್ತಿಕೊಂಡ ಕೆಸರು ತಾನಾಗಿ ಎದ್ದು ಎಲ್ಲಿಗೆ ಹೋದೀತು? ಮರುದಿನ ಆರು ಗಂಟೆಗೇ ಎದ್ದು ಬಾಗಿಲು ತೆರೆದೆ.

ನೊವಾಕ್ ಮೆಟ್ಟಿಲ ಮೇಲೆ ಕೂತಿದ್ದರು. ಎಡಗೈಯಲ್ಲಿ ನನ್ನ ಶೂ, ಬಲಗೈಯಲ್ಲಿ ಬ್ರಶ್, ಪಕ್ಕದಲ್ಲಿ ಪಾಲಿಶಿನ ಡಬ್ಬಿ.

ನಮ್ಮ ಮನೆಯಲ್ಲಿ ಚಪ್ಪಲಿ ಮುಟ್ಟಿದ ಕೈ ತೊಳೆಯದೆ ಪುಸ್ತಕ ಮುಟ್ಟುವಂತಿರಲಿಲ್ಲ. ಇಲ್ಲಿ ನನ್ನ ತಾತನ ವಯಸ್ಸಿನವರು ನನ್ನ ಶೂವನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದರು. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅನ್ನಿಸಿತು. ಕಸಿದುಕೊಳ್ಳಲು ಹೋದೆ, ಬಿಡಲಿಲ್ಲ. ಉಜ್ಜುತ್ತಲೇ ಅವರು ಹೇಳಿದ್ದಿಷ್ಟು. ಪ್ರಾಯದಲ್ಲಿ ತಮ್ಮೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದರಂತೆ. ಅಲ್ಲಿ ಅತಿಥಿಗಳು ಶೂ ಹೊರಗಿಟ್ಟರೆ ಪಾಲಿಶ್ ಮಾಡಿ ಎಂದೇ ಅರ್ಥ. ಮಾಡದಿದ್ದರೆ ಹೋಟೆಲಿಗೆ ಅವಮಾನ. ಮಹಾರಾಜರ ಊರಿನವನೆಂದು ನಾನೇ ಮೊದಲ ದಿನ ಜಂಬ ಕೊಚ್ಚಿದ್ದೆ. ಇವನಿಗೆ ಅಭ್ಯಾಸವಿರಬೇಕು ಎಂದುಕೊಂಡು ಅವರು ದಿನವೂ ಮಾಡಿದ್ದರು. ನಾನು ತೊದಲುತ್ತ ದೇವರ ಪಟ, ಅವಲಕ್ಕಿ ಎಲ್ಲವನ್ನೂ ವಿವರಿಸಿದೆ. ಕ್ಷಮಿಸಿ, ಹೇಳಿದರೆ ಇವತ್ತೇ ಕೋಣೆ ಬಿಡುತ್ತೇನೆ ಎಂದೆ. ಅವರು ಕೊನೆಯದಾಗಿ ಒಮ್ಮೆ ಬ್ರಶ್ ಎಳೆದು, ಶೂವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಾಲ ಬಳಿ ಇಟ್ಟರು.

"ನಾಳೆ ನನ್ನದನ್ನ ಇಲ್ಲಿ ಇಟ್ಟಿರ್ತೀನಿ" ಎಂದರು.

ಇಟ್ಟೂ ಇಟ್ಟರು. ಜನ್ಮದಲ್ಲಿ ಇನ್ನೊಬ್ಬರ ಶೂ ಮುಟ್ಟದ ನಾನು ಉಸಿರು ಬಿಗಿಹಿಡಿದು ಪಾಲಿಶ್ ಮಾಡಿದೆ. ಹಿಮ್ಮಡಿಯ ಕಡೆ ಬಿಟ್ಟಿದ್ದೀಯ ಎಂದು ವಾಪಸ್ ಕೊಟ್ಟರು. ಹೀಗೆ ಒಂದು ದಿನ ಅವರು, ಒಂದು ದಿನ ನಾನು, ಎರಡು ವರ್ಷ ನಡೆಯಿತು. ಕೋಣೆ ಉಳಿಯಿತು. ಆದರೂ ಆ ಮೊದಲ ವಾರ ಅವರು ನನ್ನನ್ನು ಎಷ್ಟು ಬೈದುಕೊಂಡು ಉಜ್ಜಿದರೋ ಎಂಬುದು ಮನಸ್ಸಿನಲ್ಲಿ ಇಷ್ಟು ವರ್ಷವೂ ಚುಚ್ಚುತ್ತಲೇ ಇತ್ತು. ಕೇಳುವ ಧೈರ್ಯವಾಗಲಿಲ್ಲ, ಆಮೇಲೆ ಅವರೂ ಹೋಗಿಬಿಟ್ಟರು.

ಈಗ ಇದೇ ದೇಶದ ಜೆರಿಕೋ ಎಂಬ ಊರಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಸ್ನೇಹಿತರ ಮೊಮ್ಮಗಳು ವಿದ್ಯಾ ಇದ್ದಾಳೆ. ಓದಲು ಧಾರವಾಡದಿಂದ ಬಂದು ನಾಲ್ಕು ದಿನವಾಯಿತು. ಇವತ್ತು ಮೊದಲ ಸಲ ಪ್ರೊಫೆಸರನ್ನು ಕಾಣಬೇಕು. ಹೆದರಿಕೆಗೆ ಅವಳಿಗೆ ನಿನ್ನೆಯಿಂದ ಊಟ ಸೇರುತ್ತಿಲ್ಲ. ಅವಳ ಕರಿ ಶೂ ಬಾಗಿಲ ಬಳಿ ಮೂತಿ ಬಿಳಿಚಿಕೊಂಡು ಕೂತಿತ್ತು. ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಪಾಲಿಶ್ ಮೆತ್ತಗೆ ಮಾಡಿಕೊಂಡೆ. ಹಳೆಯ ಸಾಕ್ಸೊಂದನ್ನು ಹಿಡಿದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತೆ. ಉಜ್ಜುತ್ತ ಉಜ್ಜುತ್ತ ನನಗೆ ಎಷ್ಟು ಖುಷಿಯಾಯಿತೆಂದರೆ, ನೊವಾಕ್ ನನ್ನನ್ನು ಬೈದುಕೊಂಡಿರಲಿಲ್ಲ ಎಂದು ಆಗ ಗೊತ್ತಾಯಿತು. ಆ ಖಾಲಿ ಮನೆಯಲ್ಲಿ ಬೆಳಿಗ್ಗೆ ಏಳುವುದಕ್ಕೆ ಅವರಿಗೊಂದು ಕೆಲಸ ಸಿಕ್ಕಿತ್ತು.

ಮೇಲೆ ಬಾಗಿಲು ತೆರೆಯಿತು. ವಿದ್ಯಾ ಅರ್ಧ ಇಳಿದವಳು ಅಲ್ಲೇ ನಿಂತಳು.

"ಅಜ್ಜಾರ, ನೀವ್ಯಾಕ ಮಾಡ್ಲಿಕ್ಕತ್ತೀರಿ? ಇಲ್ಲಿ ಕೊಡ್ರಿ, ನನಗ ಪಾಪ ಹತ್ತತದ" ಎನ್ನುತ್ತ ಕಸಿದುಕೊಳ್ಳಲು ಬಂದಳು. ನಾನು ಬಿಡಲಿಲ್ಲ. ಹಿಮ್ಮಡಿಯ ಕಡೆ ಇನ್ನೂ ಉಳಿದಿತ್ತು.

"ಇರಲಿ ಬಿಡಮ್ಮ" ಎಂದೆ. "ನಾಳೆ ನನ್ನದನ್ನ ಇಲ್ಲಿ ಇಟ್ಟಿರ್ತೀನಿ."